ಬಿಸಿಲ ನಾಡಿನಲ್ಲೊಂದು ಕಾಡಿನ ದಾರಿ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆ ಕಲಬುರಗಿ ಜಿಲ್ಲೆಯ ಮಕ್ಕಳಿಗೆ ಚೆನ್ನಾಗಿ ಒಪ್ಪುತ್ತದೆ. ಅವರ ಪಾಲಿಗೆ ಬೆಟ್ಟವೆಂದರೇ ದೂರದ್ದು. ಪಠ್ಯಪುಸ್ತಕದ ಕಾಡು, ಜಲಪಾತ, ಮಂಜು ಎಲ್ಲವೂ ಆಗುಂಬೆ, ಕೊಡಗು, ಚಿಕ್ಕಮಗಳೂರುಗಳ ಕಡೆಗೇ ಬೆರಳು ತೋರಿಸುತ್ತವೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ, ಶಹಾಬಾದಿನ ಕಲ್ಲಿನ ಗಣಿ, ಚಿತ್ತಾಪುರ, ಸೇಡಂಗಳ ತೊಗರಿ ಹೊಲಗಳನ್ನು ನೋಡುತ್ತ ಬೆಳೆದವರಿಗೆ, ಪಕ್ಕದ ಚಿಂಚೋಳಿಯಲ್ಲಿ ಕಾಡಿದೆ ಎಂದರೆ ಮೊದಲು ನಗು ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದ ಮೇಲೆ ಹಿತ್ತಲ ಗುಡ್ಡಕ್ಕೆ ಎಲ್ಲಿಯ ಬೆಲೆ?

ಆದರೆ ಕಾಡು ಇದೆ. 2011ರಲ್ಲಿ ರಾಜ್ಯ ಸರ್ಕಾರ ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಅರಣ್ಯವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಅದನ್ನು ಕರೆಯುವುದುಂಟು. ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯ, ಸುತ್ತ ಗೊಟ್ಟಂಗೊಟ್ಟದ ಗುಡ್ಡಗಳು, ಮಳೆಗಾಲದಲ್ಲಿ ಮೈದುಂಬುವ ಎತ್ತಿಪೋತ ಜಲಪಾತ. ತೆಲುಗಿನಲ್ಲಿ ಎತ್ತಿಪೋತ ಎಂದರೆ ಎತ್ತಿ ಸುರಿಯುವುದು. ತೆಲಂಗಾಣದ ಗಡಿ ಎಷ್ಟು ಹತ್ತಿರವೆಂಬುದನ್ನು ಆ ಹೆಸರೇ ಹೇಳುತ್ತದೆ. ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿಗಳ ನೆಲೆ ಅದು. ಒಳಗೆ ಲಂಬಾಣಿ ತಾಂಡಾಗಳೂ ಇವೆ.

ಇಂಥ ಕಾಡಿಗೆ ಮಕ್ಕಳನ್ನು ಕರೆದೊಯ್ಯುವುದು ಹೇಗೆ? ಈ ಪ್ರಶ್ನೆ ವಾಡಿಯ ಒಂದು ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದ್ದು ಒಂದು ಜಗಳದಿಂದ.

ಜಗಳ ಹುಟ್ಟಿದ ಬಗೆ

ತಂದೆ ಪಾಯಿಂಟ್ಸ್‌ಮನ್. ಮಗಳು ಸೇಡಂನಲ್ಲಿ ಪಿಯುಸಿ ಮೊದಲ ವರ್ಷ; ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ಗೆಳತಿಯರೆಲ್ಲ ಸೇರಿ ದಸರಾ ರಜೆಯಲ್ಲಿ ಕುಮಾರಪರ್ವತ ಹತ್ತುವುದೆಂದು ನಿಶ್ಚಯಿಸಿದ್ದರು. ಮೊಬೈಲಿನಲ್ಲಿ ನೋಡಿದ ನಾಲ್ಕು ಚಿತ್ರಗಳೇ ಅವರ ಯೋಜನೆ. 1712 ಮೀಟರ್ ಎತ್ತರದ ಆ ಬೆಟ್ಟಕ್ಕೆ ಎಷ್ಟು ಹೊತ್ತು ಹತ್ತಬೇಕು, ನೀರು ಎಲ್ಲಿ ಸಿಗುತ್ತದೆ, ಅನುಮತಿ ಯಾರು ಕೊಡುತ್ತಾರೆ ಎಂದು ತಂದೆ ಕೇಳಿದರೆ ಉತ್ತರವಿಲ್ಲ.

"ಅಲ್ಲಿಗಿ ಹೋದ ಮ್ಯಾಲ ಗೊತ್ತಾಗ್ತದಪ್ಪಾ."

"ಅಲ್ಲಿಗಿ ಹೋದ ಮ್ಯಾಲ ಗೊತ್ತಾಗೋದು ಯಾವುದೂ ಉಪಯೋಗಕ್ಕ ಬರಂಗಿಲ್ಲ. ಗುಡ್ಡ ಹತ್ತಲಾಕ ಸುಬ್ರಹ್ಮಣ್ಯಕ್ಕೇ ಯಾಕ ಹೋಗಬೇಕು? ಚಿಂಚೋಳ್ಯಾಗ ಗುಡ್ಡ ಇಲ್ಲೇನು?"

"ಅದೇನು ಗುಡ್ಡ ಅಪ್ಪಾ!"

ತಂದೆಯ ಮಾತಿನಲ್ಲಿ ಹುರುಳಿತ್ತು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಅದೇ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ್ದರು. ಆಮೇಲೆ ಸರ್ಕಾರ ಚಾರಣಕ್ಕೇ ಕೆಲಕಾಲ ತಡೆ ಹಾಕಿ, ಮುಂಗಡ ನೋಂದಣಿಯ ನಿಯಮ ತರಬೇಕಾಯಿತು. ಎಲ್ಲರೂ 'ಹೋದ ಮೇಲೆ ನೋಡೋಣ' ಎಂದು ಹೊರಟರೆ ಬೆಟ್ಟಕ್ಕೂ ಕ್ಷೇಮವಿಲ್ಲ, ಜನಕ್ಕೂ ಇಲ್ಲ.

ಕೊನೆಗೆ ತಂದೆ ಒಂದು ಒಪ್ಪಂದಕ್ಕೆ ಬಂದರು. ಮೊದಲು ಚಿಂಚೋಳಿ. ಯೋಜನೆ ಪೂರ್ತಿ ಮಗಳದ್ದು. ಅವರು ಜೊತೆಗೆ ಬರುತ್ತಾರೆ, ಆದರೆ ದಾರಿಯಲ್ಲಿ ಬಾಯಿ ಹಾಕುವುದಿಲ್ಲ. ಅಪಾಯ ಕಂಡರೆ ಮಾತ್ರ ಮಾತು. ಈ ಯೋಜನೆ ತಾಯಿಗೆ ಒಪ್ಪಿಗೆಯಾದರೆ ಮುಂದಿನ ವರ್ಷ ಕುಮಾರಪರ್ವತದ ಮಾತು.

ತಾಯಿಯ ಒಪ್ಪಿಗೆಯೇ ಎಲ್ಲಕ್ಕಿಂತ ಕಠಿಣ. "ಅಡವ್ಯಾಗ ಹಾವು ಹುಳ ಇರ್ತಾವ. ಬೆಳೆದ ಹುಡುಗೀನ ಕರ್ಕೊಂಡು ಏನು ನೋಡ್ಲಾಕ ಹೋಗ್ತೀರಿ?" ಎಂದು ಅವರು ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಿದ್ದರು. ತಾಯಂದಿರ ಇಂಥ ಪ್ರಶ್ನೆಗಳನ್ನು ಮಕ್ಕಳು ಅಡ್ಡಗಾಲು ಎಂದು ತಿಳಿಯುತ್ತಾರೆ. ನಿಜದಲ್ಲಿ ಒಳ್ಳೆಯ ಯೋಜನೆಯೊಂದು ಉತ್ತರಿಸಬೇಕಾದ ಮೊದಲ ಪ್ರಶ್ನೆಗಳು ಅವೇ. ಮಗಳು ಅವನ್ನು ಒಂದೊಂದಾಗಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಯಾವಾಗ, ಯಾರ ಅನುಮತಿಯಿಂದ

ಮಲೆನಾಡಿನ ಚಾರಣಕ್ಕೆ ಮಳೆಯ ಭಯ, ಚಿಂಚೋಳಿಯ ಚಾರಣಕ್ಕೆ ಬಿಸಿಲಿನ ಭಯ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಇಲ್ಲಿ ಅದರ ಎಂಟನೇ ಒಂದು ಪಾಲು ಬಿದ್ದರೂ ರೈತ ಸಮಾಧಾನಪಡುತ್ತಾನೆ. ಇದು ಎಲೆ ಉದುರಿಸುವ ಕಾಡು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮುತ್ತುಗ ಕೆಂಪಗೆ ಹೂ ಬಿಡುತ್ತದೆ. ನೋಡಲು ಚೆಂದ, ಆದರೆ ನೆರಳಿಲ್ಲ. ಒಣಹುಲ್ಲಿಗೆ ಬೆಂಕಿ ತಗಲುವ ಕಾಲವೂ ಅದೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಈ ಸೀಮೆಗೆ ಹೊಸದಲ್ಲ. ಆದ್ದರಿಂದ ಶಾಲೆಗೆ ಬೇಸಿಗೆ ರಜೆ ಇದೆಯೆಂದು ಆಗ ಕಾಡಿಗೆ ಹೊರಡುವುದು ತಪ್ಪು. ಜಲಪಾತ ನೋಡಬೇಕಾದವರಿಗೆ ಸೆಪ್ಟೆಂಬರ್ ಕೊನೆ, ನಡೆಯಬೇಕಾದವರಿಗೆ ನವೆಂಬರಿನಿಂದ ಜನವರಿ. ಮಗಳು ನವೆಂಬರಿನ ಎರಡನೇ ಶನಿವಾರಕ್ಕೆ ಗುರುತು ಹಾಕಿದಳು.

ಎರಡನೆಯದು ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಮನಬಂದಂತೆ ಕಾಲಿಡುವಂತಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅವರು ಹೇಳಿದ ದಾರಿಯಲ್ಲಿ, ಅವರು ಕಳಿಸಿದವರ ಜೊತೆಯಲ್ಲೇ ನಡೆಯಬೇಕು. ಚಿಂಚೋಳಿಯಲ್ಲಿರುವ ಸೋದರತ್ತೆಯ ಮಗ ಹೋಗಿ ವಿಚಾರಿಸಿಕೊಂಡು ಬಂದ. ದಾರಿ ತೋರಿಸಲು ಒಬ್ಬ ಗಾರ್ಡ್ ಬರುವುದೆಂದಾಯಿತು. "ಇಲಾಖೆಯವರು ಜೊತಿಗಿ ಇರ್ತಾರ" ಎಂಬ ಒಂದು ಸಾಲಿಗೆ ತಾಯಿಯ ಅರ್ಧ ವಿರೋಧ ಕರಗಿತು.

ನಕ್ಷೆಯ ಮುಂದೆ ಕುಳಿತಾಗ

ನಕ್ಷೆ ಓದುವುದನ್ನು ಈ ಹುಡುಗಿ ಶಾಲೆಯಲ್ಲಿ ಕಲಿತಿದ್ದಳು. ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದಳು. ಆದರೆ ಅದು ತನ್ನ ಜಿಲ್ಲೆಗೂ ಅನ್ವಯಿಸುತ್ತದೆ ಎಂದು ಎಂದೂ ಅನ್ನಿಸಿರಲಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಟೊಪೊ ಶೀಟಿನಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ರೇಖೆಗಳು ಒತ್ತಾಗಿದ್ದರೆ ಕಡಿದಾದ ಏರು, ಅಗಲವಾಗಿದ್ದರೆ ಇಳಿಜಾರು ಸೌಮ್ಯ. ಹಸಿರು ಕಾಡು, ನೀಲಿ ನೀರು.

ಜಲಾಶಯ ಕಾಣುವ ಗುಡ್ಡದ ನೆತ್ತಿಗೆ ಹೋಗಿ ಬರುವ ದಾರಿಯ ಮೇಲೆ ನೂಲು ಇಟ್ಟು ಅಳೆದರೆ 8 ಕಿಲೋಮೀಟರ್. ದಾಟಬೇಕಾದ ಕಂದು ರೇಖೆಗಳು ಏಳೋ ಎಂಟೋ; ಅಂದರೆ ಸುಮಾರು 150 ಮೀಟರ್ ಏರು. 1930 ಮೀಟರಿನ ಮುಳ್ಳಯ್ಯನಗಿರಿಯ ಮುಂದೆ ಚಿಂಚೋಳಿಯ ಗುಡ್ಡಗಳು ಮಕ್ಕಳಾಟವೇ ಸರಿ. ಹಾಗೆಂದು ಹೊತ್ತಿನ ಲೆಕ್ಕ ಬಿಡುವಂತಿಲ್ಲ.

ಆ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಗಂಟೆಗೆ 5 ಕಿಲೋಮೀಟರ್ ನಡಿಗೆ; ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ 8 ಕಿಲೋಮೀಟರಿಗೆ 1 ಗಂಟೆ 36 ನಿಮಿಷ, ಏರಿಗೆ 15 ನಿಮಿಷ, ಒಟ್ಟು ಎರಡು ಗಂಟೆಯೂ ಆಗದು. ಮಗಳು ಹಿಗ್ಗಿದಳು. ತಂದೆ ನಕ್ಕು ಹೇಳಿದರು: "ಇದು ಎಕ್ಸ್‌ಪ್ರೆಸ್ ಗಾಡಿ ಲೆಕ್ಕ. ಹುಡುಗರ ಗಾಡಿ ಪ್ಯಾಸೆಂಜರ್. ಎಲ್ಲಾ ಕಡಿಗೂ ನಿಲ್ತದ." ಕಲ್ಲುದಾರಿ, ಹಕ್ಕಿ ನೋಡುವ ನಿಲುಗಡೆ, ಚಪ್ಪಲಿ ಕಿತ್ತವನ ರಗಳೆ ಎಲ್ಲ ಸೇರಿ ದುಪ್ಪಟ್ಟು ಹಿಡಿದರೆ ನಾಲ್ಕು ಗಂಟೆ, ಊಟದ ಅರ್ಧ ಗಂಟೆ ಬೇರೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದಕ್ಕೆ ವಾಪಸು.

ಇಲ್ಲೇ ತಂದೆ ಒಂದು ಸಾಲು ಸೇರಿಸಲು ಹೇಳಿದರು: ತಿರುಗುವ ಗಂಟೆ. ಬೆಳಿಗ್ಗೆ 8.45ಕ್ಕೆ ಎಲ್ಲಿದ್ದರೂ, ನೆತ್ತಿ ಮುಟ್ಟಿರಲಿ ಬಿಡಲಿ, ಹಿಂತಿರುಗಬೇಕು. ತಡವಾಗಿ ಹೊರಟರೂ ಆ ಗಂಟೆ ಮುಂದಕ್ಕೆ ಹೋಗುವಂತಿಲ್ಲ, ಏಕೆಂದರೆ ಸೂರ್ಯ ಯಾರಿಗಾಗಿಯೂ ಕಾಯುವುದಿಲ್ಲ. ಬೆಟ್ಟದ ಅವಘಡಗಳಲ್ಲಿ ಎಷ್ಟೋ 'ಇನ್ನೊಂದು ಹತ್ತು ನಿಮಿಷ ಅಷ್ಟೇ' ಎಂಬ ಮಾತಿನಿಂದಲೇ ಶುರುವಾಗುತ್ತವೆ.

ನೀರಿನ ಗಣಿತ

ಮಲೆನಾಡಿನಲ್ಲಿ ಹಳ್ಳ ಸಿಗುತ್ತದೆ. ಒಣಕಾಡಿನಲ್ಲಿ ನಕ್ಷೆಯ ನೀಲಿ ಗೆರೆ ವರ್ಷದ ಬಹುಪಾಲು ಬರಿಯ ಮರಳು. ಸಿಕ್ಕ ನೀರೂ ದನಕರು, ಕಾಡುಪ್ರಾಣಿಗಳು ಇಳಿದ ನೀರು, ಹಾಗೇ ಕುಡಿಯುವಂಥದ್ದಲ್ಲ. ಆದ್ದರಿಂದ ಕುಡಿಯುವ ನೀರೆಲ್ಲ ಬೆನ್ನ ಮೇಲೇ ಹೋಗಬೇಕು. ತಂಪು ಹೊತ್ತಿನಲ್ಲಿ ನಡೆಯುವವನಿಗೆ ಗಂಟೆಗೆ ಅರ್ಧ ಲೀಟರ್, ಬಿಸಿಲಿನಲ್ಲಿ ಅದರ ದುಪ್ಪಟ್ಟು ಬೇಕಾದೀತು. ನಾಲ್ಕೂವರೆ ಗಂಟೆಗೆ ಎರಡೂಕಾಲು ಲೀಟರ್, ಆಪತ್ತಿಗೆ ಮುಕ್ಕಾಲು ಲೀಟರ್. ತಲೆಗೆ 3 ಲೀಟರ್. ಎಂಟು ಜನಕ್ಕೆ 24 ಲೀಟರ್, ಅಂದರೆ 24 ಕಿಲೋ ಭಾರ. ಇದನ್ನು ಬರೆದ ಮೇಲೆ ಚೀಲದಿಂದ ಸ್ಪೀಕರ್, ಬಣ್ಣದ ಛತ್ರಿ, ಮೂರನೇ ಜೊತೆ ಬಟ್ಟೆ ತಾವಾಗಿಯೇ ಹೊರಬಿದ್ದವು.

ಊಟದ ಪಟ್ಟಿ ತಾಯಿಯದು. ಮೊದಮೊದಲು ದೂರ ನಿಂತು ಕೇಳುತ್ತಿದ್ದವರು ಯಾವಾಗಲೋ ಹತ್ತಿರ ಬಂದು ಕುಳಿತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಶೇಂಗಾದ ಉಂಡಿ. ಕೆಡುವುದಿಲ್ಲ, ಸೋರುವುದಿಲ್ಲ, ಕಾಡಿನಲ್ಲಿ ಒಲೆ ಹಚ್ಚುವ ಮಾತಿಲ್ಲ. ಬೆಂಕಿಪೊಟ್ಟಣ ಚೀಲದಲ್ಲಿ ಇರಲೇಕೂಡದು ಎಂದು ಗಾರ್ಡ್ ಮೊದಲೇ ಹೇಳಿ ಕಳಿಸಿದ್ದರು. "ಆ ಗಾರ್ಡಪ್ಪಗೂ ನಾಕು ರೊಟ್ಟಿ ಹೆಚ್ಚಿಗಿ ಕಟ್ಟತೀನಿ" ಎಂದಾಗ ಮಿಕ್ಕ ಅರ್ಧ ವಿರೋಧವೂ ಮುಗಿಯಿತೆಂದು ಮಗಳಿಗೆ ತಿಳಿಯಿತು.

ಹಾವಿನ ಪ್ರಶ್ನೆಯನ್ನು ಅವಳು ತೇಲಿಸಿಬಿಡಲಿಲ್ಲ. ಪಾದ ಮುಚ್ಚುವ ಬೂಟು, ಉದ್ದ ಪ್ಯಾಂಟು, ನೋಡದೆ ಕಲ್ಲಿನ ಸಂದಿಗೆ ಕೈ ಹಾಕದಿರುವುದು. ಕಚ್ಚಿದರೆ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಅಂಗ ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ. ಚಿಂಚೋಳಿಯ ಆಸ್ಪತ್ರೆಯಲ್ಲಿ ವಿಷಕ್ಕೆ ಚುಚ್ಚುಮದ್ದು ಇದೆಯೇ ಎಂದು ಅತ್ತೆಯ ಮಗ ಮೊದಲೇ ಕೇಳಿಕೊಂಡು ಬಂದ. ತಲೆಸುತ್ತು, ವಾಂತಿ, ಸ್ನಾಯು ಸೆಳೆತ ಕಂಡರೆ ಅದು ಬಿಸಿಲಿನ ಎಚ್ಚರಿಕೆ: ನೆರಳು, ಒದ್ದೆ ಬಟ್ಟೆ, ಓಆರ್‌ಎಸ್ ಬೆರೆಸಿದ ನೀರು, ಅಲ್ಲಿಂದಲೇ ವಾಪಸು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ, ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ. ಕೊನೆಯ ಸಾಲು ತಾಯಿಗಾಗಿ: ಹನ್ನೆರಡು ಗಂಟೆಗೆ ಅತ್ತೆಯ ಮನೆಯಿಂದ ಫೋನು. ಹನ್ನೆರಡೂವರೆಯಾದರೂ ಬರದಿದ್ದರೆ ಯಾರಿಗೆ ತಿಳಿಸಬೇಕೆಂಬ ನಂಬರುಗಳು ಕ್ಯಾಲೆಂಡರಿನ ಹಿಂದೆ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆಂದು ನಂಬಿ ಯೋಜನೆ ಹಾಕಬಾರದು ಎಂಬುದೂ ನೋಟುಬುಕ್ಕಿನಲ್ಲಿತ್ತು.

ದಾರಿಯೇ ಪಾಠ

ಹೊರಟವರು ಎಂಟು ಜನ: ತಂದೆ, ಮಗಳು, ಅವಳ ತಮ್ಮ, ಸೇಡಂನ ಇಬ್ಬರು ಗೆಳತಿಯರು, ಶಹಾಬಾದಿನ ಚಿಕ್ಕಪ್ಪನ ಇಬ್ಬರು ಮಕ್ಕಳು, ಚಿಂಚೋಳಿಯ ಅತ್ತೆಯ ಮಗ. ಚಿಂಚೋಳಿಗೆ ರೈಲಿಲ್ಲ. ಶುಕ್ರವಾರ ಸಂಜೆ ವಾಡಿಯಿಂದ ಸೇಡಂವರೆಗೆ ರೈಲು, ಮುಂದೆ ಬಸ್ಸು.

ವಾಡಿ–ಸಿಕಂದರಾಬಾದ್ ನಡುವಿನ ಈ ಹಳಿ 1874ರಷ್ಟು ಹಳೆಯದು, ನಿಜಾಮರ ಕಾಲದ್ದು. ಕಿಟಕಿಯಾಚೆ ಚಿತ್ತಾಪುರ, ಮಳಖೇಡ ರೋಡ್ ಸರಿದು ಹೋಗುತ್ತವೆ. ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ'ದ ಕಾಲದ ರಾಜಧಾನಿ. ಅದರ ಕೋಟೆಯ ಪಕ್ಕದಲ್ಲಿ ಕಾಗಿಣಾ ನದಿ. ಚಿಂಚೋಳಿ ತಾಲ್ಲೂಕಿನಲ್ಲಿ ಹರಿಯುವ ಮುಲ್ಲಾಮಾರಿ ಈ ಕಾಗಿಣಾಕ್ಕೆ ಸೇರುತ್ತದೆ. ಕಾಗಿಣಾ ಶಹಾಬಾದಿನ ಕಡೆಗೆ ಹೋಗಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿ ಕಡೆಯ ಮಳೆನೀರು ಚಿತ್ತಾಪುರ, ಶಹಾಬಾದಿನವರ ನದಿಗೇ ಬರುತ್ತದೆಂದು ನಕ್ಷೆಯ ನೀಲಿ ಗೆರೆ ಹಿಡಿದು ಹೋದಾಗಲೇ ಮಕ್ಕಳಿಗೆ ಹೊಳೆದದ್ದು.

ಕಲ್ಲೂ ಬದಲಾಗುತ್ತದೆ. ವಾಡಿ, ಶಹಾಬಾದ್, ಸೇಡಂಗಳ ಕೆಳಗೆ ಇರುವುದು ಸುಣ್ಣಕಲ್ಲು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಅದೇ. ಚಿಂಚೋಳಿಯ ಕಾಡಿನ ಕಡೆ ಹೋದಂತೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಉಕ್ಕಿ ಹರಿದ ಲಾವಾದ ಕರಿಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಸುಣ್ಣಕಲ್ಲು ಅದಕ್ಕಿಂತಲೂ ಎಷ್ಟೋ ಕೋಟಿ ವರ್ಷ ಹಿರಿಯದು. ಶಹಾಬಾದಿನ ಹುಡುಗರು ದಿನವೂ ತುಳಿಯುವ ಕಲ್ಲಿಗೆ ಇಷ್ಟು ವಯಸ್ಸೆಂದು ಕೇಳಿ ತಮ್ಮದೇ ಗೆಲುವೆಂಬಂತೆ ಬೀಗಿದರು.

8.45

ಶನಿವಾರ ಬೆಳಿಗ್ಗೆ ಟಂಟಂ ಅರ್ಧ ಗಂಟೆ ತಡವಾಗಿ ಬಂತು. ನಡಿಗೆ ಶುರುವಾದಾಗ 7.05. ಗಾರ್ಡ್ ಮುಂದೆ, ತಂದೆ ಎಲ್ಲರ ಹಿಂದೆ. ತೇಗದ ಅಗಲವಾದ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಜಾಣವೊಂದು ಒಣಕೊಂಬೆಯಿಂದ ಹಾರಿ ಹುಳು ಹಿಡಿದು ಮತ್ತೆ ಅದೇ ಕೊಂಬೆಗೆ ಬರುತ್ತಿತ್ತು. ಪೊದೆಯಿಂದ ಗೌಜಲಹಕ್ಕಿಗಳು ಬುರ್ರೆಂದು ಎದ್ದಾಗ ಗೆಳತಿಯರು ಕಿರುಚಿದರು. "ಸಾವಕಾಶ ತಂಗಿ, ಇದು ಅವುಗಳ ಮನಿ" ಎಂದರು ಗಾರ್ಡ್. ಕೃಷ್ಣಮೃಗ ಕಾಣಲಿಲ್ಲ. ಧೂಳಿನಲ್ಲಿ ಒಂದು ಸಾಲು ಹೆಜ್ಜೆ ಕಂಡವು. ನರಿಯದೋ ನಾಯಿಯದೋ ಎಂದು ಹತ್ತು ನಿಮಿಷ ವಾದ ನಡೆಯಿತು.

ಏರು ಶುರುವಾದ ಮೇಲೆ ಶಹಾಬಾದಿನ ಕಿರಿಯವ ಹಿಂದೆ ಬಿದ್ದ. ತನ್ನ ಪಾಲಿನ ಮೂರು ಲೀಟರಿನಲ್ಲಿ ಎರಡನ್ನು ಆಗಲೇ ಕುಡಿದು, ಮುಖಕ್ಕೂ ಚಿಮುಕಿಸಿಕೊಂಡಿದ್ದ. ಪಿಂಡಿಗೆ ಸೆಳೆತ ಹಿಡಿದಿತ್ತು. ಅವನನ್ನು ನೆರಳಿಗೆ ಕೂರಿಸಿ, ಓಆರ್‌ಎಸ್ ಕುಡಿಸಿ, ಕಾಲು ತಿಕ್ಕಿ ಎಬ್ಬಿಸಿದಾಗ ಗಡಿಯಾರ 8.45 ತೋರಿಸುತ್ತಿತ್ತು. ನೆತ್ತಿ ಮೇಲೆ ಕಾಣುತ್ತಿತ್ತು. ಇನ್ನು ಕಾಲು ಗಂಟೆಯ ದಾರಿ ಎಂದರು ಗಾರ್ಡ್.

"ಅಕ್ಕಾ, ಇವನ್ನ ಇಲ್ಲೇ ಕೂಡಿಸಿ ನಾವು ಹೋಗಿ ಬರೂಣು" ಎಂದ ಹಿರಿಯವ. ಗೆಳತಿಯರ ಮುಖದಲ್ಲೂ ಅದೇ. ಎಲ್ಲರೂ ತಂದೆಯ ಕಡೆ ನೋಡಿದರು. ಅವರು ಬಾಟಲಿಯ ಮುಚ್ಚಳ ತಿರುವುತ್ತ ನಿಂತಿದ್ದರು, ಮಾತಾಡಲಿಲ್ಲ. ಕುಳಿತವನಿಗೆ ಅಪಾಯವಿಲ್ಲ, ಗಾರ್ಡ್ ಇದ್ದಾರೆ, ನೆತ್ತಿ ಕಣ್ಣೆದುರಿಗಿದೆ. ಒಂದು ತಿಂಗಳಿನಿಂದ ಕಾಗದದ ಮೇಲೆ ಏರಿಳಿದ ಗುಡ್ಡ ಅದು.

"ತಿರುಗೋಣ" ಎಂದಳು ಮಗಳು.

ಗೊಣಗಾಟವಾಯಿತು. ಒಬ್ಬ ಗೆಳತಿ ದಾರಿಯುದ್ದಕ್ಕೂ ಮಾತು ಬಿಟ್ಟಳು. ಇಳಿಯುವಾಗ ಬಿಸಿಲು ಏರಿತು, ಕಿರಿಯವನ ಬಾಟಲಿ ಬರಿದಾಯಿತು, ಉಳಿದವರ ನೀರು ಅವನಿಗೆ ಬಂತು. ಕುಂಟುವವನ ಹೆಜ್ಜೆಗೆ ಎಲ್ಲರೂ ಹೆಜ್ಜೆ ಹೊಂದಿಸಬೇಕಾಗಿ, ರಸ್ತೆ ಸೇರಿದಾಗ ಹನ್ನೊಂದೂ ಕಾಲು. 24 ಲೀಟರಿನಲ್ಲಿ ಉಳಿದದ್ದು ಎರಡೂವರೆ. ನೆತ್ತಿಗೆ ಹೋಗಿದ್ದರೆ ಮೇಲೆ ಮುಕ್ಕಾಲು ಗಂಟೆ ಕಳೆಯುತ್ತಿತ್ತು. ಆ ಎರಡೂವರೆ ಲೀಟರ್ ಎಲ್ಲಿಗೆ ಸಾಲುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾತು ಬಿಟ್ಟಿದ್ದ ಗೆಳತಿ ಮಾತ್ರ ಬಾಟಲಿಗಳನ್ನು ಎರಡು ಸಲ ಎಣಿಸಿದಳು.

ಗಾರ್ಡ್ ರೊಟ್ಟಿ ಮುರಿಯುತ್ತ ತಂದೆಗೆ ಹೇಳಿದರು: "ದೊಡ್ಡವರು ಬಂದ್ರೂ ಹಿಂಗ ತಿರುಗಂಗಿಲ್ರಿ." ತಂದೆ ಹೆಚ್ಚು ಮಾತಾಡುವವರಲ್ಲ. "ಕೆಂಪು ಸಿಗ್ನಲ್ ಅಂದ್ರ ಕೆಂಪು ಸಿಗ್ನಲ್ರಿ" ಎಂದು ಸುಮ್ಮನಾದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ವಾಡಿಗೆ ಫೋನು ಹೋಯಿತು.

ಜನವರಿಯಲ್ಲಿ ಅದೇ ಎಂಟು ಜನ ಮತ್ತೆ ಹೋದರು. ಟಂಟಂನವನಿಗೆ ಹಿಂದಿನ ರಾತ್ರಿಯೇ ಹೇಳಿ, ಆರೂವರೆಗೆ ಸರಿಯಾಗಿ ನಡಿಗೆ ಶುರು ಮಾಡಿ, ಕಿರಿಯವನನ್ನು ಸಾಲಿನ ಮೊದಲಿಗೆ ನಿಲ್ಲಿಸಿ, ಎಲ್ಲರೂ ಅವನ ವೇಗದಲ್ಲೇ ನಡೆದರು. ಎಂಟೂವರೆಗೆ ನೆತ್ತಿ. ಕೆಳಗೆ ಗುಡ್ಡಗಳ ನಡುವೆ ಚಂದ್ರಂಪಳ್ಳಿಯ ನೀರು, ಅದರಾಚೆ ಅರ್ಧ ಎಲೆ ಉದುರಿದ ಕಾಡು, ಎಲ್ಲಿಯೋ ತಾಂಡಾದ ಹೊಗೆ. ಕುಮಾರಪರ್ವತದ ಮಂಜು ಅಲ್ಲಿರಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

ಆ ನೋಟುಬುಕ್ಕಿನ ಪುಟಗಳನ್ನು ಶಹಾಬಾದಿನ ಹುಡುಗರು ನಕಲು ಮಾಡಿಕೊಂಡು ಹೋಗಿದ್ದಾರೆ. ಮುಂದಿನ ದಸರಾದ ಕುಮಾರಪರ್ವತಕ್ಕೆ ಈಗ ಹೊಸ ಪುಟ ತೆರೆದಿದೆ. ಮೊದಲ ಸಾಲಿನಲ್ಲಿ ನೋಂದಣಿ, ಎರಡನೆಯದರಲ್ಲಿ ನೀರು. ಮೂರನೆಯ ಸಾಲು ತಾಯಿಯ ಕೈಬರಹದಲ್ಲಿದೆ: ತಿರುಗುವ ಗಂಟೆ ಎಷ್ಟು?